ದೊಡ್ಡವರು ಏನು, ಎಷ್ಟು ತಿನ್ನುತ್ತಾರೆ? ಆಹಾರ ಪ್ರಶ್ನಾವಳಿ ಮಾಡುವುದು, ಪರೀಕ್ಷಿಸುವುದು ಹೇಗೆ

ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿರುವವರು, ಸಮುದಾಯ ವೈದ್ಯಕೀಯದ ಪಿ.ಜಿ.ಗಳು, ಹಳ್ಳಿಗಳಲ್ಲಿ ಸರ್ವೆ ಮಾಡುವ ಸಂಸ್ಥೆಗಳವರು ಮತ್ತೆ ಮತ್ತೆ ಕೇಳುವುದು ಒಂದೇ: "ಒಂದು ರೆಡಿ ಡಯಟ್ ಪ್ರಶ್ನಾವಳಿ ಇದ್ದರೆ ಕೊಡಿ, ನಮ್ಮ ಕಡೆ ಬಳಸಿಕೊಳ್ತೀವಿ." ಕೊಡುವುದು ಕಷ್ಟವೇನಲ್ಲ. ಆದರೆ ಬೆಂಗಳೂರಿನ ಆಫೀಸು ಕೆಲಸದವರಿಗಾಗಿ ಮಾಡಿದ ಪಟ್ಟಿ ಹಿಡಿದು ವಿಜಯಪುರದ ಹಳ್ಳಿಗೆ ಹೋದರೆ ಅದರಲ್ಲಿ ಸಜ್ಜೆ ರೊಟ್ಟಿ ಇರುವುದಿಲ್ಲ, ಶೇಂಗಾ ಹಿಂಡಿ ಇರುವುದಿಲ್ಲ. ಕಾರ್ನ್ ಫ್ಲೇಕ್ಸ್ ಮಾತ್ರ ಇರುತ್ತದೆ! ಜನ ತಿನ್ನುವುದನ್ನು ನೀವು ಕೇಳುವುದೇ ಇಲ್ಲ, ಕೇಳಿದ್ದನ್ನು ಅವರು ತಿನ್ನುವುದಿಲ್ಲ. ಹಾಗಾಗಿ ಬೇರೆಯವರ ಪ್ರಶ್ನಾವಳಿ ತಂದರೂ ಅದನ್ನು ನಿಮ್ಮ ಜನಕ್ಕೆ ಹೊಂದಿಸಿ, ಮತ್ತೆ ಪರೀಕ್ಷೆ ಮಾಡಲೇಬೇಕು.

ಇಲ್ಲಿ ಹೇಳುತ್ತಿರುವುದು ಆಹಾರ ಆವರ್ತನ ಪ್ರಶ್ನಾವಳಿಯ ಬಗ್ಗೆ. ಈ ಕ್ಷೇತ್ರದವರು ಇದನ್ನು ಎಫ್‌ಎಫ್‌ಕ್ಯೂ ಅಂತಲೇ ಕರೆಯುತ್ತಾರೆ. ಒಂದು ಆಹಾರದ ಪಟ್ಟಿ ಇಟ್ಟುಕೊಂಡು, ಕಳೆದ ತಿಂಗಳು ಅಥವಾ ಕಳೆದ ವರ್ಷ ಪ್ರತಿಯೊಂದನ್ನೂ ಎಷ್ಟು ಸಲ, ಎಷ್ಟೆಷ್ಟು ತಿಂದಿರಿ ಎಂದು ಕೇಳುವ ವಿಧಾನ. ಖರ್ಚು ಕಡಿಮೆ, ಒಬ್ಬರಿಗೆ ಮುಕ್ಕಾಲು ಗಂಟೆ ಸಾಕು. ಆದರೆ ನೆನಪಿನ ಮೇಲೆ ನಿಂತ ವಿಧಾನವಾದ್ದರಿಂದ ತಪ್ಪಿಗೆ ಜಾಗ ಜಾಸ್ತಿ.

ಏನೇನು ಬೇಕು

1 ಗ್ರಾಂವರೆಗೆ ತೋರಿಸುವ ಡಿಜಿಟಲ್ ಅಡುಗೆ ತಕ್ಕಡಿ. ನಿಮ್ಮ ಊರಿನ ಮನೆಗಳಲ್ಲಿ ನಿಜವಾಗಿ ಇರುವಂಥ ಲೋಟ, ಬಟ್ಟಲು, ಸೌಟು, ಚಮಚಗಳ ಒಂದು ಸೆಟ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಕೋಷ್ಟಕ. ಇದರಲ್ಲಿ 528 ಆಹಾರಗಳ ಪೋಷಕಾಂಶಗಳ ಲೆಕ್ಕವಿದೆ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಅದೂ ಮೊದಲ ಮನೆಗೆ ಕಾಲಿಡುವ ಮುಂಚೆಯೇ. ಜೊತೆಗೆ ಅಂಕಿಅಂಶ ಬಲ್ಲವರೊಬ್ಬರು. ಡೇಟಾ ಎಲ್ಲ ಬಂದ ಮೇಲೆ ಅವರ ಬಳಿ ಓಡಬೇಡಿ, ಶುರುವಿನಲ್ಲೇ ಕೂರಿಸಿಕೊಳ್ಳಿ.

ಹಂತ 1: ಏನನ್ನು ಅಳೆಯಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ

ಯಾರು, ಯಾವ ಪೋಷಕಾಂಶ, ಯಾವ ಅವಧಿ. ಉದಾಹರಣೆಗೆ: "ಮಂಡ್ಯ ಜಿಲ್ಲೆಯ ಹಳ್ಳಿಗಳ 30ರಿಂದ 60 ವರ್ಷದವರು ಕಳೆದ ಒಂದು ವರ್ಷದಲ್ಲಿ ಆಹಾರದಿಂದ ಪಡೆದ ಕ್ಯಾಲ್ಸಿಯಂ." ಈ ಸಾಲು ಬರೆಯಲು ಆಗದಿದ್ದರೆ ಮುಂದೆ ಹೋಗಬೇಡಿ.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಕೇಳಿಕೊಳ್ಳಿ. ಯಾರು ಜಾಸ್ತಿ ತಿನ್ನುತ್ತಾರೆ, ಯಾರು ಕಡಿಮೆ ಎಂಬ ಸಾಲು ಹಚ್ಚುವಿಕೆ ಸಾಕೇ, ಅಥವಾ ಇಷ್ಟೇ ಮಿಲಿಗ್ರಾಂ ಎಂಬ ಖಚಿತ ಅಂಕಿ ಬೇಕೇ? ಎಫ್‌ಎಫ್‌ಕ್ಯೂ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಅದರಿಂದ ನಿರೀಕ್ಷಿಸಬೇಡಿ. "ನಮ್ಮ ಹಳ್ಳಿಯಲ್ಲಿ ಶೇಕಡಾ ಇಷ್ಟು ಜನಕ್ಕೆ ಕಬ್ಬಿಣದ ಕೊರತೆಯ ಆಹಾರ" ಎಂದು ಬರೀ ಎಫ್‌ಎಫ್‌ಕ್ಯೂ ನೆಚ್ಚಿಕೊಂಡು ಬರೆದದ್ದನ್ನು ನಾನಂತೂ ನಂಬುವುದಿಲ್ಲ.

ಕೆಲವಕ್ಕೆ ಈ ದಾರಿಯೇ ಸರಿಯಲ್ಲ. ಉಪ್ಪು ಅಳೆಯಬೇಕಿದ್ದರೆ 24 ಗಂಟೆಯ ಮೂತ್ರ ಸಂಗ್ರಹಿಸಿ ಅದರಲ್ಲಿರುವ ಸೋಡಿಯಂ ನೋಡಬೇಕು. ಸಾರಿಗೆ ಎಷ್ಟು ಉಪ್ಪು ಬಿತ್ತು ಎಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳ ಊಟದಲ್ಲಿ ವೈವಿಧ್ಯ ಇದೆಯಾ ಎಂದಷ್ಟೇ ನೋಡಬೇಕಿದ್ದರೆ ಉದ್ದ ಪ್ರಶ್ನಾವಳಿಯ ಗೊಡವೆಯೇ ಬೇಡ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಚಿಕ್ಕ ಅಳತೆಗೋಲೊಂದಿದೆ: 15ರಿಂದ 49 ವರ್ಷದ ಹೆಂಗಸರು ನಿನ್ನೆ 10 ಆಹಾರ ಗುಂಪುಗಳಲ್ಲಿ ಕನಿಷ್ಠ 5 ಗುಂಪಿನಿಂದ ತಿಂದಿದ್ದಾರಾ ಎಂದು ನೋಡುವುದು.

ಹಂತ 2: ಆಹಾರದ ಪಟ್ಟಿಯನ್ನು ಜನರಿಂದಲೇ ತನ್ನಿ

ಮೇಜಿನ ಮುಂದೆ ಕೂತು ನೆನಪಿಗೆ ಬಂದದ್ದನ್ನು ಬರೆದರೆ ಅದು ನಿಮ್ಮ ಮನೆಯ ಪಟ್ಟಿ. ಅದೇ ಜನಸಮುದಾಯದ 40–50 ಮಂದಿಯ ಬಳಿ "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಕುಡಿದಿರಿ" ಎಂದು ಪೂರ್ತಿ ಕೇಳಿ ಬರೆದುಕೊಳ್ಳಿ. ಇದಕ್ಕೆ 24 ಗಂಟೆಯ ಮರುನೆನಪು ಎನ್ನುತ್ತಾರೆ. ಗಂಡಸರು, ಹೆಂಗಸರು, ಕೂಲಿಯವರು, ಜಮೀನಿದ್ದವರು ಎಲ್ಲರೂ ಅದರಲ್ಲಿರಲಿ. ಸಂತೆಗೆ, ಬೇಕರಿಗೆ, ಬಸ್ ಸ್ಟ್ಯಾಂಡಿನ ಗಾಡಿಗಳಿಗೆ ಒಂದು ಸುತ್ತು ಹಾಕಿ. ಸರ್ಕಾರದ ಮನೆ ಖರ್ಚಿನ ಸಮೀಕ್ಷೆಯ ಆಹಾರ ಪಟ್ಟಿಯನ್ನೂ ನೋಡಬಹುದು. ಆದರೆ ಅದು ಇಡೀ ಮನೆಯ ಲೆಕ್ಕ. ಮನೆಗೆ ಬಂದ ಮೊಟ್ಟೆ ಯಾರ ತಟ್ಟೆಗೆ ಹೋಯಿತು ಎಂದು ಅದು ಹೇಳುವುದಿಲ್ಲ.

ಹೀಗೆ ಕೂಡಿಹಾಕಿದರೆ ಇನ್ನೂರು–ಮುನ್ನೂರು ಹೆಸರು ಸಿಗುತ್ತವೆ. ಅದನ್ನು 80–120ಕ್ಕೆ ಇಳಿಸಬೇಕು. ಅದಕ್ಕಿಂತ ಉದ್ದವಾದರೆ ಎದುರಿಗಿರುವವರು ಅರ್ಧಕ್ಕೆ ಬೇಸತ್ತು ಎಲ್ಲಕ್ಕೂ "ವಾರಕ್ಕೊಂದ್ಸಲ" ಎನ್ನಲು ಶುರು ಮಾಡುತ್ತಾರೆ. ಉಳಿಸುವಾಗ ಎರಡು ವಿಷಯ ನೋಡಿ. ಒಂದು, ನಿಮಗೆ ಬೇಕಾದ ಪೋಷಕಾಂಶಕ್ಕೆ ಆ ಆಹಾರದ ಕೊಡುಗೆ ದೊಡ್ಡದಾ? ಎರಡು, ಅದನ್ನು ತಿನ್ನುವುದರಲ್ಲಿ ಜನರ ನಡುವೆ ವ್ಯತ್ಯಾಸ ಇದೆಯಾ? ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಎಲ್ಲರೂ ದಿನಾ ಒಂದೇ ಅಳತೆಯಲ್ಲಿ ತಿನ್ನುವ ಪದಾರ್ಥ ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ.

ಸೊಪ್ಪುಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸಬಹುದಾ ಎಂದು ಕೇಳುವವರಿದ್ದಾರೆ. ಪೋಷಕಾಂಶ ಹತ್ತಿರ ಹತ್ತಿರ ಇದ್ದು, ಜನರೂ ಅವನ್ನು ಒಂದೇ ಗುಂಪಾಗಿ ನೆನೆಯುತ್ತಿದ್ದರೆ ಸೇರಿಸಿ. ನುಗ್ಗೆಸೊಪ್ಪು, ದಂಟಿನಸೊಪ್ಪು ಬೇರೆ ಬೇರೆಯಾಗಿ ಇರಲಿ. ಎಲೆಕೋಸನ್ನು ಸೊಪ್ಪಿನ ಜೊತೆ ಹಾಕಬೇಡಿ.

ಹಂತ 3: ಅಳತೆ ಗಟ್ಟಿ ಮಾಡಿಕೊಳ್ಳಿ

ಪ್ರಶ್ನಾವಳಿ ಹೆಚ್ಚಾಗಿ ಸೋಲುವುದು ಇಲ್ಲೇ. "ಒಂದು ಮುದ್ದೆ" ಎಂದು ಬರೆದು ಪಕ್ಕದಲ್ಲಿ ಸುಮ್ನೆ ಒಂದು ಅಂಕಿ ಹಾಕಿಬಿಡುತ್ತಾರೆ. ಒಂದು ಮುದ್ದೆ ಅಂದರೆ ಎಷ್ಟು?

ಲೆಕ್ಕ ನೋಡಿ. ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಮುದ್ದೆಗೆ 70 ಗ್ರಾಂ ಹಿಟ್ಟು ಹೋಗಿದ್ದರೆ 255 ಮಿಲಿಗ್ರಾಂ ಆಯಿತು. 100 ಗ್ರಾಂ ಹೋಗಿದ್ದರೆ 364. ದಿನಕ್ಕೆ ಎರಡು ಮುದ್ದೆ ಉಣ್ಣುವವರಿಗೆ 510 ಮತ್ತು 728. ಅಂತರ 218 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಲೋಟ ಹಾಲಿನ ಕ್ಯಾಲ್ಸಿಯಂ. ದೊಡ್ಡವರಿಗೆ ದಿನಕ್ಕೆ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು 1000 ಮಿಲಿಗ್ರಾಂ. ಮುದ್ದೆಯ ಗಾತ್ರ ಒಂದನ್ನೇ ತಪ್ಪಿ ಹಿಡಿದರೆ ಅದರ ಐದನೇ ಒಂದು ಭಾಗ ಆ ಕಡೆ ಈ ಕಡೆ ಆಗುತ್ತದೆ.

ಆದ್ದರಿಂದ ಹತ್ತಿಪ್ಪತ್ತು ಮನೆಗಳಿಗೆ ಅಡುಗೆ ಹೊತ್ತಿಗೆ ಹೋಗಿ. ಹಿಟ್ಟು ತೂಗಿ, ಬೆಂದ ಮೇಲೆ ಎಷ್ಟು ಮುದ್ದೆ ಆಯಿತು ಎಂದು ಎಣಿಸಿ, ಒಂದೊಂದನ್ನೂ ತೂಗಿ. ಗಂಡಸರಿಗೆ ಕಟ್ಟಿದ್ದು, ಹೆಂಗಸರು ತಮಗೆಂದು ಇಟ್ಟುಕೊಂಡದ್ದು ಬೇರೆ ಬೇರೆ ಬರೆಯಿರಿ. ಅದರಿಂದ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಗಾತ್ರ ತೆಗೆದು, ತಟ್ಟೆಯಲ್ಲಿಟ್ಟು ಫೋಟೋ ಹೊಡೆಯಿರಿ. ರೊಟ್ಟಿ, ದೋಸೆ, ಚಪಾತಿಗೂ ಇದೇ ದಾರಿ. ಅನ್ನ, ಸಾರಿಗೆ ಬಟ್ಟಲು, ಸೌಟು ಸಾಕು. ಫೋಟೋದಲ್ಲಿ ಪಕ್ಕಕ್ಕೆ ಒಂದು ಚಮಚ ಇರಲಿ, ಇಲ್ಲದಿದ್ದರೆ ಗಾತ್ರ ಅಂದಾಜಾಗುವುದಿಲ್ಲ.

ಎಚ್ಚರಿಕೆ: ಕಾಫಿ, ಟೀ "ಎಷ್ಟು ಲೋಟ" ಎಂದು ಕೇಳುವಾಗ ಲೋಟ ತೋರಿಸಿ ಕೇಳಿ. ಹೋಟೆಲಿನಲ್ಲಿ ಬೈಟೂ ಕುಡಿದದ್ದನ್ನೂ ಜನ ಒಂದು ಕಾಫಿ ಎಂದೇ ಎಣಿಸುತ್ತಾರೆ.

ಹಂತ 4: ಪ್ರಶ್ನೆಗಳನ್ನು ಬರೆಯುವುದು

ಉತ್ತರಕ್ಕೆ ಮೊದಲೇ ಖಾನೆ ಇಟ್ಟುಕೊಳ್ಳಿ: ಇಲ್ಲವೇ ಇಲ್ಲ, ತಿಂಗಳಿಗೆ 1–3 ಸಲ, ವಾರಕ್ಕೊಮ್ಮೆ, ವಾರಕ್ಕೆ 2–4 ಸಲ, ವಾರಕ್ಕೆ 5–6 ಸಲ, ದಿನಕ್ಕೊಮ್ಮೆ, ದಿನಕ್ಕೆ 2 ಸಲ, ದಿನಕ್ಕೆ 3 ಮತ್ತು ಹೆಚ್ಚು.

ಖಾನೆ ಏನೇ ಇರಲಿ, ಹಳ್ಳಿಯಲ್ಲಿ ನಿಮಗೆ ಸಿಗುವ ಮೊದಲ ಉತ್ತರ "ಮಾಡ್ದಾಗ ತಿಂತೀನಿ ಕಣಮ್ಮ." ಇದಕ್ಕೆ ಸಂದರ್ಶಕರು ತಯಾರಾಗಿರಬೇಕು. "ಮನೇಲಿ ಎಷ್ಟು ದಿನಕ್ಕೊಂದ್ಸಲ ಮಾಡ್ತೀರಾ? ಮಾಡಿದಾಗ ಎರಡು ಹೊತ್ತೂ ಉಣ್ತೀರಾ, ಒಂದೇ ಹೊತ್ತಾ?" ಎಂದು ಬಿಡಿಸಿ ಕೇಳುವ ಉಪಪ್ರಶ್ನೆಗಳನ್ನು ಬರೆದೇ ಕೊಡಿ. ಇಲ್ಲದಿದ್ದರೆ ಒಬ್ಬೊಬ್ಬ ಸಂದರ್ಶಕರು ಒಂದೊಂದು ರೀತಿ ಕೇಳುತ್ತಾರೆ. "ದಿನಾ ಹಣ್ಣು ತಿಂತೀರಲ್ವಾ?" ಎಂದು ಮಾತ್ರ ಯಾರೂ ಕೇಳಬಾರದು. ಹಾಗೆ ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಕಾಲಕ್ಕೆ ತಕ್ಕ ಪದಾರ್ಥಗಳಿಗೆ ಎರಡು ಪ್ರಶ್ನೆ ಬೇಕು. ಅವರೆಕಾಯಿ, ಮಾವು, ಹಲಸು ಇವನ್ನು "ಸಿಗುವ ಕಾಲದಲ್ಲಿ ವಾರಕ್ಕೆ ಎಷ್ಟು ಸಲ" ಮತ್ತು "ಎಷ್ಟು ತಿಂಗಳು" ಎಂದು ಕೇಳಿ. ಎರಡು ತಿಂಗಳು ವಾರಕ್ಕೆ ನಾಲ್ಕು ಸಲ ಅವರೆಕಾಳು ತಿಂದವರಿಗೆ ವರ್ಷದ ಸರಾಸರಿ ದಿನಕ್ಕೆ 0.09 ಸಲ ಮಾತ್ರ. ಈ ಭಾಗ ಬಿಟ್ಟು ಜನವರಿಯಲ್ಲಿ ಸರ್ವೆ ಮಾಡಿದರೆ ಇಡೀ ವರ್ಷ ಅವರೆಕಾಳೇ ತಿಂದಂತೆ ಆಗುತ್ತದೆ.

ಮಾಂಸದ ವಿಷಯಕ್ಕೆ ಬಂದರೆ, ಯಾವ ಮಾಂಸ ಎನ್ನುವುದನ್ನು ಸಪ್ಪೆ ದನಿಯಲ್ಲಿ, ಪಟ್ಟಿಯ ಉಳಿದ ಸಾಲುಗಳಂತೆಯೇ ಕೇಳಿ. ಜಾತಿ ನೋಡಿ ಪ್ರಶ್ನೆ ಬಿಡುವುದು ದೊಡ್ಡ ತಪ್ಪು. ಮನೆಯಲ್ಲಿ ಮೊಟ್ಟೆ ಬೇಯಿಸದವರು ಹೊರಗೆ ಆಮ್ಲೆಟ್ ತಿನ್ನುತ್ತಾರೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ಅದನ್ನು ಹೇಳುವುದಿಲ್ಲ, ಹಾಗಾಗಿ ಆದಷ್ಟು ಒಬ್ಬರನ್ನೇ ಕೂರಿಸಿ ಮಾತಾಡಿ. ಶ್ರಾವಣ, ಅಯ್ಯಪ್ಪ ಮಾಲೆಯ ದಿನಗಳಲ್ಲಿ ಕೇಳಿದರೆ "ಬಿಟ್ಟಿದೀನಿ" ಎನ್ನುತ್ತಾರೆ. ನಿಮಗೆ ಬೇಕಿರುವುದು ಇಡೀ ವರ್ಷದ ಲೆಕ್ಕ ಎಂದು ನೆನಪಿಸಿ.

ಮತ್ತೊಂದು ಗುಂಡಿ ತರಕಾರಿ. ಪಟ್ಟಿಯಲ್ಲಿ 25 ತರಕಾರಿ ಇದ್ದು, ಒಬ್ಬರು ಎಲ್ಲಕ್ಕೂ "ವಾರಕ್ಕೊಮ್ಮೆ" ಎಂದರೆ ದಿನಕ್ಕೆ ಮೂರೂವರೆ ಸಲಕ್ಕಿಂತ ಜಾಸ್ತಿ ತರಕಾರಿ ತಿಂದಂತಾಯಿತು. ಕೊನೆಯಲ್ಲಿ "ಒಟ್ಟಾರೆ ದಿನಕ್ಕೆ ಎಷ್ಟು ಸಲ ತರಕಾರಿ ಪಲ್ಯ, ಹುಳಿ ತಿನ್ನುತ್ತೀರಿ" ಎಂದೊಂದು ತಾಳೆ ಪ್ರಶ್ನೆ ಇಟ್ಟರೆ ಇಂಥದ್ದು ಸಿಕ್ಕಿಬೀಳುತ್ತದೆ.

ಹಂತ 5: ಮೊದಲ ಕರಡನ್ನು ಜನರ ಮುಂದೆ ಇಡಿ

ಹತ್ತು–ಹದಿನೈದು ಜನ ಸಾಕು. ಪ್ರಶ್ನೆ ಓದಿ, ಉತ್ತರ ಹೇಳುವ ಮುಂಚೆ ಮನಸ್ಸಿನಲ್ಲಿ ಏನು ಲೆಕ್ಕ ಹಾಕಿದರು ಎಂದು ಬಾಯಿಬಿಟ್ಟು ಹೇಳಲು ಕೇಳಿ. "ಸಾರು" ಎಂದರೆ ಒಬ್ಬರಿಗೆ ತಿಳಿಸಾರು, ಇನ್ನೊಬ್ಬರಿಗೆ ಬಸ್ಸಾರು, ಮತ್ತೊಬ್ಬರಿಗೆ ಕೋಳಿ ಸಾರು. ಇದರಲ್ಲಿ ಪ್ರೋಟೀನಿನ ಅಂತರ ಎಷ್ಟಿರುತ್ತದೆ ಊಹಿಸಿ. ಹಾಗಾಗಿ "ಸಾರು" ಎಂಬ ಸಾಲನ್ನು ಒಡೆದು ಬೇಳೆ ಸಾರು, ಸೊಪ್ಪಿನ ಸಾರು, ಕಾಳಿನ ಸಾರು, ಬರೀ ತಿಳಿ ಎಂದು ಮಾಡಬೇಕಾಗುತ್ತದೆ. ಕರಾವಳಿಗೂ ಮಲೆನಾಡಿಗೂ ಒಂದೇ ಪ್ರಶ್ನಾವಳಿ ಬಳಸುವುದಾದರೆ ಪ್ರತಿ ಸಾಲಿನಲ್ಲೂ ಅಲ್ಲಲ್ಲಿಯ ಹೆಸರು ಸೇರಿಸಿ.

ಹಂತ 6: ಉತ್ತರವನ್ನು ಪೋಷಕಾಂಶಕ್ಕೆ ಪರಿವರ್ತಿಸುವುದು

ಖಾನೆಗಳನ್ನು ದಿನದ ಲೆಕ್ಕಕ್ಕೆ ತನ್ನಿ. ವಾರಕ್ಕೆ 2–4 ಸಲ ಎಂದರೆ ಮಧ್ಯದ 3 ತೆಗೆದುಕೊಂಡು 7ರಿಂದ ಭಾಗಿಸಿ, 0.43. ತಿಂಗಳಿಗೆ 1–3 ಎಂದರೆ 0.07. ಅದನ್ನು ಅಳತೆಯ ಗ್ರಾಂನಿಂದಲೂ, ಒಂದು ಗ್ರಾಂನಲ್ಲಿರುವ ಪೋಷಕಾಂಶದಿಂದಲೂ ಗುಣಿಸಿ, ಎಲ್ಲ ಸಾಲುಗಳನ್ನೂ ಕೂಡಿಸಿ.

ಇಲ್ಲಿನ ಅಪಾಯ ಒಂದೇ. ಕೋಷ್ಟಕದ ಅಂಕಿಗಳು ಬಹುಪಾಲು ಹಸಿ ಪದಾರ್ಥದ್ದು, ಜನ ಹೇಳುವುದು ಬೆಂದದ್ದರ ಅಳತೆ. ಒಂದು ಬಟ್ಟಲು ಅನ್ನದ ತೂಕಕ್ಕೆ ಹಸಿ ಅಕ್ಕಿಯ ಅಂಕಿ ಹಾಕಿದರೆ ಕ್ಯಾಲೊರಿ ಎರಡು ಪಟ್ಟಿಗೂ ಮೀರಿ ಏರಿಬಿಡುತ್ತದೆ. ಬೇರೆ ಬೇರೆ ಮನೆಗಳಲ್ಲಿ ಪಾಕವಿಧಾನ ತೂಗಿ ಬರೆದು, ಹಸಿ ಸಾಮಾನಿನ ಮೊತ್ತವನ್ನು ಬೆಂದ ಒಟ್ಟು ತೂಕಕ್ಕೆ ಹಂಚಿ. ಒಗ್ಗರಣೆ ಎಣ್ಣೆ, ತೆಂಗಿನಕಾಯಿ ಬಿಡಬೇಡಿ. ಎಣ್ಣೆಯನ್ನು ಮನೆಗೆ ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ, ಎಷ್ಟು ಜನ ಉಣ್ಣುತ್ತೀರಿ ಎಂದು ಕೇಳಿ ತಾಳೆ ನೋಡಿ.

ಹಂತ 7: ಪರೀಕ್ಷೆ

ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಅದೇ ಜನರಿಗೆ ಮತ್ತೊಮ್ಮೆ ಕೇಳಿದರೆ ಅದೇ ಉತ್ತರ ಬರುತ್ತದಾ ಎಂಬುದು ಪುನರಾವರ್ತನೀಯತೆ. ನಿಜವಾಗಿ ತಿಂದದ್ದಕ್ಕೆ ಹತ್ತಿರವಾ ಎಂಬುದು ಸಿಂಧುತ್ವ. ಮೊದಲನೆಯದು ಪಾಸಾದ ಮಾತ್ರಕ್ಕೆ ಎರಡನೆಯದು ಪಾಸಾಗುವುದಿಲ್ಲ. ಒಂದೇ ತಪ್ಪನ್ನು ಎರಡು ಸಲವೂ ಹೇಳಬಹುದಲ್ಲ?

ಸಿಂಧುತ್ವಕ್ಕೆ ಇನ್ನೊಂದು ಅಳತೆ ಬೇಕು. ತೂಗಿ ಬರೆದ ಆಹಾರ ದಾಖಲೆ ಉತ್ತಮ, ಆದರೆ ಕಷ್ಟ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಬೇರೆ ಬೇರೆ ದಿನಗಳ ಮೂರು ಅಥವಾ ಹೆಚ್ಚು 24 ಗಂಟೆಯ ಮರುನೆನಪುಗಳು, ಅದರಲ್ಲಿ ಒಂದಾದರೂ ಭಾನುವಾರದ್ದು. ಒಂದು ತೊಂದರೆ ಇದೆ. ಇದೂ ನೆನಪಿನ ಮೇಲೆಯೇ ನಿಂತಿದೆ. ಎರಡು ಗಡಿಯಾರವೂ ಹತ್ತು ನಿಮಿಷ ಹಿಂದಿದ್ದರೆ ಒಂದಕ್ಕೊಂದು ಚೆನ್ನಾಗಿಯೇ ತಾಳೆಯಾಗುತ್ತವೆ. ಅದಕ್ಕೇ ಹಣವಿದ್ದವರು ಕೆಲವರಲ್ಲಾದರೂ ಮೂತ್ರದ ನೈಟ್ರೋಜನ್ ಅಳೆದು ಪ್ರೋಟೀನನ್ನು ಪರಿಶೀಲಿಸುತ್ತಾರೆ. ಅದಿಲ್ಲದಿದ್ದರೆ "ಸಾಪೇಕ್ಷ ಸಿಂಧುತ್ವ" ಎಂದೇ ಬರೆಯಿರಿ, ಬರೀ ಸಿಂಧುತ್ವ ಎನ್ನಬೇಡಿ.

ಕ್ರಮ ಹೀಗಿರಲಿ: ಮೊದಲು ಒಮ್ಮೆ ಎಫ್‌ಎಫ್‌ಕ್ಯೂ, ಆಮೇಲೆ ಮರುನೆನಪುಗಳು ಬೇರೆ ಬೇರೆ ಕಾಲಗಳಲ್ಲಿ ಹಂಚಿ, ಕೊನೆಗೆ ಮತ್ತೊಮ್ಮೆ ಎಫ್‌ಎಫ್‌ಕ್ಯೂ. ಪ್ರಶ್ನಾವಳಿ ಕೇಳುವ ಅವಧಿಯೂ ಮರುನೆನಪಿನ ಅವಧಿಯೂ ಒಂದೇ ಆಗಿರಬೇಕು. ಪ್ರಬಂಧಕ್ಕೆ ಆರೇ ತಿಂಗಳು ಇದ್ದರೆ ವರ್ಷದ ಪ್ರಶ್ನಾವಳಿಯ ಆಸೆ ಬಿಡಿ, "ಕಳೆದ ಒಂದು ತಿಂಗಳು" ಎಂದು ಮಾಡಿ. ಜನರ ಸಂಖ್ಯೆ 100ಕ್ಕೆ ಕಡಿಮೆ ಬೇಡ. ಹಬ್ಬದ ದಿನ, ಏಕಾದಶಿ ಬಂತು ಎಂದು ಆ ಮರುನೆನಪನ್ನು ಎಸೆಯಬೇಡಿ, ಅದೂ ಅವರ ಊಟದ ಭಾಗವೇ.

ಹಂತ 8: ಲೆಕ್ಕಾಚಾರ

ಮೊದಲು ಒಂದು ಗುಟ್ಟು ಬಿಚ್ಚಿಡುತ್ತೇನೆ. ಎಷ್ಟೋ ಪ್ರಬಂಧಗಳಲ್ಲಿ "ಕ್ರೋನ್‌ಬಾಕ್ ಆಲ್ಫಾ 0.8 ಬಂತು, ಪ್ರಶ್ನಾವಳಿ ಸಿಂಧು" ಎಂದು ಬರೆದಿರುತ್ತದೆ. ಆಲ್ಫಾ ಹೇಳುವುದು ಪ್ರಶ್ನೆಗಳ ಉತ್ತರಗಳು ಪರಸ್ಪರ ಕೂಡಿ ನಡೆಯುತ್ತವೆಯಾ ಎಂದು. ಖಿನ್ನತೆ, ಆತಂಕ ಅಳೆಯುವ ಪ್ರಶ್ನಾವಳಿಗೆ ಅದು ಸರಿ. ಆದರೆ ಮುದ್ದೆ ಜಾಸ್ತಿ ಉಣ್ಣುವವರು ಚಪಾತಿ ಕಡಿಮೆ ತಿನ್ನುವುದು ಸಹಜ. ಆಹಾರಗಳು ಒಂದಕ್ಕೊಂದು ಕೂಡಿ ಏರಬೇಕು ಎಂಬ ನಿಯಮವೇ ಇಲ್ಲ. ಇಲ್ಲಿ ಆಲ್ಫಾಗೆ ಕೆಲಸವಿಲ್ಲ, ಗೈಡ್ ಕೇಳಿದರೂ ವಿವರಿಸಿ ಬಿಟ್ಟುಬಿಡಿ.

ಮಾಡಬೇಕಾದ್ದು ಇಷ್ಟು. ಮೊದಲು ನಂಬಲಾಗದ ಉತ್ತರಗಳನ್ನು ಗುರುತಿಸಿ. ಹೆಂಗಸರಿಗೆ 500ರಿಂದ 3500, ಗಂಡಸರಿಗೆ 800ರಿಂದ 4000 ಕಿಲೋಕ್ಯಾಲೊರಿಯ ಆಚೆ ಇದ್ದರೆ ತೆಗೆಯುವುದು ವಾಡಿಕೆ. ಇದು ಅಮೆರಿಕದ ಅಧ್ಯಯನಗಳಿಂದ ಬಂದ ಮಿತಿ. ಕಬ್ಬು ಕಡಿಯುವವರನ್ನು ಇದೇ ಗೆರೆ ಹಿಡಿದು ಕಣ್ಣುಮುಚ್ಚಿ ತೆಗೆಯಬೇಡಿ.

ಆಮೇಲೆ ಸಹಸಂಬಂಧ, ಅಂದರೆ ಎರಡು ವಿಧಾನಗಳ ಅಂಕಿ ಒಟ್ಟಿಗೆ ಏರಿಳಿಯುತ್ತವೆಯಾ ಎಂಬ ಅಳತೆ. ಒಟ್ಟು ಜಾಸ್ತಿ ಉಣ್ಣುವವರಿಗೆ ಎಲ್ಲ ಪೋಷಕಾಂಶವೂ ಜಾಸ್ತಿ ಬರುತ್ತದೆ, ಹಾಗಾಗಿ ಕ್ಯಾಲೊರಿಗೆ ಸರಿಹೊಂದಿಸಿದ ಅಂಕಿಯನ್ನೂ ಕೊಡಿ. ಮೂರೇ ದಿನದ ಮರುನೆನಪಿದ್ದರೆ ದಿನದಿಂದ ದಿನಕ್ಕಿನ ಏರುಪೇರು ಸಹಸಂಬಂಧವನ್ನು ತಗ್ಗಿಸುತ್ತದೆ. ಅದಕ್ಕೊಂದು ತಿದ್ದುಪಡಿ ಇದೆ: ಒಬ್ಬರೊಳಗಿನ ಏರುಪೇರನ್ನು (ವೇರಿಯನ್ಸ್) ಜನರ ನಡುವಿನ ಏರುಪೇರಿನಿಂದ ಭಾಗಿಸಿ, ಬಂದದ್ದನ್ನು ದಿನಗಳ ಸಂಖ್ಯೆಯಿಂದ ಭಾಗಿಸಿ, 1 ಕೂಡಿಸಿ ವರ್ಗಮೂಲ ತೆಗೆದು, ಅದರಿಂದ ಸಹಸಂಬಂಧವನ್ನು ಗುಣಿಸಿ. ಅನುಪಾತ 2, ದಿನ 3 ಇದ್ದರೆ 0.40 ಎಂಬುದು 0.52 ಆಗುತ್ತದೆ. ತಿದ್ದಿದ್ದು, ತಿದ್ದದ್ದು ಎರಡನ್ನೂ ತೋರಿಸಿ. ಇಂಥ ಅಧ್ಯಯನಗಳಲ್ಲಿ 0.4ರಿಂದ 0.7 ಸಾಮಾನ್ಯ. 0.95 ಬಂದರೆ ಖುಷಿಪಡುವ ಮುಂಚೆ ಡೇಟಾ ಎಂಟ್ರಿ ನೋಡಿ.

ಸಹಸಂಬಂಧ ಒಂದೇ ಸಾಲದು. ಪ್ರಶ್ನಾವಳಿ ಎಲ್ಲರ ಊಟವನ್ನೂ ಸರಿಯಾಗಿ ಎರಡು ಪಟ್ಟು ತೋರಿಸಿದರೂ ಸಹಸಂಬಂಧ 1 ಬರುತ್ತದೆ. ಅದಕ್ಕೆ ಬ್ಲಾಂಡ್–ಆಲ್ಟ್‌ಮನ್ ಚಿತ್ರ ಬೇಕು. ಪ್ರತಿಯೊಬ್ಬರ ಎರಡು ಅಂಕಿಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸುವುದು. ವ್ಯತ್ಯಾಸಗಳ ಸರಾಸರಿ 150 ಕಿಲೋಕ್ಯಾಲೊರಿ, ಪ್ರಮಾಣ ವಿಚಲನೆ (ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 400 ಎಂದುಕೊಳ್ಳಿ. ಆಗ ಸುಮಾರು 95% ಜನರ ವ್ಯತ್ಯಾಸ ಬೀಳುವ ಮಿತಿಗಳು (ಸರಾಸರಿ ± 1.96 × ಪ್ರಮಾಣ ವಿಚಲನೆ) −634ರಿಂದ +934. ಸರಾಸರಿ ಚಿಕ್ಕದಿದ್ದರೂ ಒಬ್ಬೊಬ್ಬರ ಮಟ್ಟಿಗೆ ಎಷ್ಟು ಆಚೀಚೆ ಆಗುತ್ತದೆ ಎಂದು ಇದರಿಂದ ಕಾಣುತ್ತದೆ.

ಕೊನೆಗೆ ಜನರನ್ನು ಎರಡೂ ವಿಧಾನದಲ್ಲಿ ನಾಲ್ಕು ಸಮ ಗುಂಪಾಗಿಸಿ ಹೋಲಿಸಿ. ಇಲ್ಲಿ ಮೋಸಹೋಗುವುದು ಸುಲಭ. ಕಣ್ಣುಮುಚ್ಚಿ ಹಂಚಿದರೂ 25% ಜನ ಅದೇ ಗುಂಪಿಗೆ, 62.5% ಜನ ಅದೇ ಅಥವಾ ಪಕ್ಕದ ಗುಂಪಿಗೆ ಬೀಳುತ್ತಾರೆ. "65% ಜನ ಅದೇ ಅಥವಾ ಪಕ್ಕದ ಗುಂಪಿನಲ್ಲಿದ್ದಾರೆ" ಎಂದು ಹೆಮ್ಮೆಯಿಂದ ಬರೆದರೆ, ಆಕಸ್ಮಿಕಕ್ಕಿಂತ ಎರಡೂವರೆ ಅಂಶವಷ್ಟೇ ಮೇಲು. ತೀರಾ ವಿರುದ್ಧ ಗುಂಪಿಗೆ ಬಿದ್ದವರನ್ನು ನೋಡಿ, ಆಕಸ್ಮಿಕವಾಗಿ ಬೀಳುವುದೇ 12.5%. ನಿಮ್ಮದು ಅದಕ್ಕಿಂತ ಬಹಳ ಕೆಳಗಿರಬೇಕು. ತೂಕಕೊಟ್ಟ ಕಪ್ಪಾ ಎಂಬ ಅಂಕಿ ಈ ಆಕಸ್ಮಿಕದ ಪಾಲನ್ನು ಕಳೆದೇ ಹೇಳುತ್ತದೆ, ಅದನ್ನೂ ಕೊಡಿ.

ಫಲಿತಾಂಶ ಚೆನ್ನಾಗಿ ಬರದಿದ್ದರೆ

ಎಲ್ಲ ಪೋಷಕಾಂಶಕ್ಕೂ ಚೆನ್ನಾಗಿ ಬರುವುದಿಲ್ಲ. ವಿಟಮಿನ್ ಎ ಯಾವಾಗಲೂ ಕಾಡುತ್ತದೆ, ಏಕೆಂದರೆ ಒಂದು ದಿನ ನುಗ್ಗೆಸೊಪ್ಪು ತಿಂದರೆ ಆಕಾಶಕ್ಕೆ ಏರುತ್ತದೆ, ಮರುದಿನ ನೆಲಕ್ಕೆ ಇಳಿಯುತ್ತದೆ. ಅಂಥದ್ದಕ್ಕೆ ಮರುನೆನಪಿನ ದಿನ ಜಾಸ್ತಿ ಮಾಡಿ, ಅಥವಾ "ಈ ಪ್ರಶ್ನಾವಳಿಯನ್ನು ವಿಟಮಿನ್ ಎಗೆ ಬಳಸಬೇಡಿ" ಎಂದು ಬರೆದುಬಿಡಿ. ಗಂಡಸರಲ್ಲಿ ಸರಿ ಬಂದು ಹೆಂಗಸರಲ್ಲಿ ಕೈಕೊಟ್ಟರೆ ಮೊದಲು ಅಳತೆಗಳನ್ನು ಅನುಮಾನಿಸಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರಿಗೆ ತಾವು ಎಷ್ಟು ಸೌಟು ಹಾಕಿಕೊಂಡೆವು ಎಂಬುದರ ಲೆಕ್ಕವೇ ಇರುವುದಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ತೋರಿಸಿ ಕೇಳುವುದು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವರದಿ ಸಲ್ಲಿಸುವಾಗ ಪ್ರಶ್ನಾವಳಿಯ ಪೂರ್ತಿ ಪ್ರತಿ, ಅಳತೆಯ ಫೋಟೋಗಳು, ಪ್ರತಿ ಅಳತೆಯ ಗ್ರಾಂ, ಪಾಕವಿಧಾನಗಳ ಕೋಷ್ಟಕ, ಸಂದರ್ಶಕರಿಗೆ ಕೊಟ್ಟ ಸೂಚನೆ, ಎಷ್ಟು ಜನರನ್ನು ಯಾಕೆ ತೆಗೆದಿರಿ ಎಂಬ ಲೆಕ್ಕ ಇಷ್ಟನ್ನೂ ಅನುಬಂಧದಲ್ಲಿ ಹಾಕಿ. ಯಾವ ತಿಂಗಳುಗಳಲ್ಲಿ ಡೇಟಾ ತೆಗೆದಿರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ.